ಅರ್ಧ ಬೆರಳು ಸರಿದ ಮೊಳೆ

ಗಡಿಯಾಚೆ ಮಹಾರಾಷ್ಟ್ರದಲ್ಲಿರುವ ನಮ್ಮ ಜತ್ತದ ಬಸ್ ಸ್ಟ್ಯಾಂಡಿನ ಎದುರಿಗೆ ಅವರ ಬ್ಯಾನರ್ ಹಾಕಿ ಹದಿನೈದು ದಿನವಾಯಿತು. ಮೇಲೆ ಮರಾಠಿಯಲ್ಲಿ 'ಭಾವಪೂರ್ಣ ಶ್ರದ್ಧಾಂಜಲಿ', ಕೆಳಗೆ 'ಥೋರ ಶಾಸ್ತ್ರಜ್ಞ', ಎಂದರೆ ಮಹಾನ್ ವಿಜ್ಞಾನಿ. ಅವರ ಫೋಟೋದ ಹಿಂದೆ ಬೆಂಕಿ ಉಗುಳುತ್ತ ಏರುವ ಒಂದು ಯುದ್ಧವಿಮಾನ. ಅದಕ್ಕೆ ಎರಡು ಬಾಲ. ಅವರು ಆಯುಷ್ಯ ಸವೆಸಿದ, ನಮ್ಮ ದೇಶದಲ್ಲೇ ತಯಾರಾದ ವಿಮಾನಕ್ಕೆ ಇರುವುದು ಒಂದೇ ಬಾಲ. ಬ್ಯಾನರ್ ಮಾಡಿದವನಿಗೆ ಹೋಗಿ ಹೇಳಿದೆ. "ಅಕ್ಕಾ, ಎರಡಿದ್ರ ಭಾರಿ ಕಾಣ್ತೈತ್ರಿ" ಎಂದ. ಸತ್ತವರ ವಿಷಯದಲ್ಲಿ ನಮ್ಮವರು ಎಷ್ಟು ಧಾರಾಳಿಗಳು ನೋಡಿ, ಒಂದು ಬಾಲ ಪುಕ್ಕಟೆ ಕೊಟ್ಟುಬಿಡುತ್ತಾರೆ.

ಅವರು ವಿಜ್ಞಾನಿ ಅಲ್ಲ. ಸಾಂಗಲಿಯಲ್ಲಿ ಐಟಿಐ ಓದಿ, ಬೆಂಗಳೂರಿಗೆ ಹೋಗಿ, ವಿಮಾನದ ರಡಾರಿಗೆ ವಾಯರು ಜೋಡಿಸುವ ಕೆಲಸವನ್ನೇ ಕಡೆಯವರೆಗೂ ಮಾಡಿ, ನಿವೃತ್ತರಾಗಿ ಹತ್ತಿರದ ತಮ್ಮೂರು ಕರಜಗಿಗೆ ಬಂದವರು. "ನಾ ವಾಯರಮನ್ ಅದೀನ್ರಿ" ಎಂದೇ ಪರಿಚಯ ಹೇಳಿಕೊಳ್ಳುತ್ತಿದ್ದರು. ಅದನ್ನು ನಂಬಿದ ಜನ ಫ್ಯಾನ್ ತಿರುಗದಿದ್ದರೆ ಅವರನ್ನು ಕರೆಯುತ್ತಿದ್ದರು. ಹೋಗಿ ಸರಿ ಮಾಡಿಕೊಟ್ಟೂ ಬರುತ್ತಿದ್ದರು. ನಾವೆಲ್ಲ ಅವರಿಗೆ ಕಾಕಾ ಎನ್ನುತ್ತಿದ್ದೆವು, ಇಲ್ಲಿಯೂ ಹಾಗೇ ಅನ್ನುತ್ತೇನೆ. ಹೆಸರು ಬರೆದರೆ ಬ್ಯಾನರಿನ ಮೇಲಿನ ಮನುಷ್ಯ ಕಣ್ಣಿಗೆ ಬರುತ್ತಾನೆ, ಆತನ ಪರಿಚಯ ನನಗಿಲ್ಲ.

ನನ್ನದು ಆಗ ಜತ್ತದಲ್ಲಿ ಬ್ಲೌಸ್ ಹೊಲಿಯುವ ಅಂಗಡಿ. ಮನೆಯಲ್ಲಿ ದಖನಿ ಉರ್ದು, ಕಲಿತದ್ದು ಕನ್ನಡ ಸಾಲಿಯಲ್ಲಿ, ಗಿರಾಕಿಗಳ ಜೊತೆ ಮರಾಠಿ. ಮೂರರಲ್ಲೂ ಚೆನ್ನಾಗಿ ಜಗಳಾಡಬಲ್ಲೆ. ಒಂದು ಮಧ್ಯಾಹ್ನ ಬಿಳಿ ಅಂಗಿಯ ಈ ಮನುಷ್ಯ ಬಂದು, ಮಣಿಕಟ್ಟಿನಿಂದ ಮೊಣಕೈವರೆಗೆ ಮುಚ್ಚುವಂಥ ಬಟ್ಟೆಯ ತೋಳು ಹನ್ನೆರಡು ಜೋಡಿ ಬೇಕು ಎಂದರು. ಎರಡೂ ತುದಿಗೆ ಇಲಾಸ್ಟಿಕ್ ಇರಬೇಕು, ದಾರದ ಎಳೆ ಎಲ್ಲಿಯೂ ಹೊರಗೆ ಇಣುಕಬಾರದು.

"ಯಾರಿಗ್ರಿ ಇವು?" ಎಂದೆ.

"ಬಳಿಗೋಳಿಗಿ" ಎಂದರು.

ಬಳೆಗೆ ಅಂಗಿ ಹೊಲಿಸುವ ಗಿರಾಕಿಯನ್ನು ಅಲ್ಲಿಯವರೆಗೆ ಕಂಡಿರಲಿಲ್ಲ. ಆಮೇಲೆ ತಿಳಿಯಿತು, ಅವರು ಬೆಂಗಳೂರಿನ ತಮ್ಮ ಹಳೆಯ ಸಂಸ್ಥೆಯಿಂದ ಕೆಲಸ ತಂದು, ಊರ ಹೊರಗಿನ ಒಂದು ಶೆಡ್ಡಿನಲ್ಲಿ ಹೆಣ್ಣುಮಕ್ಕಳಿಗೆ ರಡಾರಿನ ಕೇಬಲ್ ಕಟ್ಟುವುದನ್ನು ಕಲಿಸುತ್ತಿದ್ದರು. ಬಳೆಯ ಒಂದು ಚೂರು ಕೇಬಲ್ ಕಟ್ಟಿನೊಳಗೆ ಸೇರಿಕೊಂಡರೆ ಮುಂದೆ ವಿಮಾನದಲ್ಲಿ ಎಲ್ಲಿಗೆ ಹೋಗಿ ಏನು ಮಾಡೀತೋ ಹೇಳಲಾಗದು. ಬಳೆ ತೆಗೆದಿಟ್ಟು ಕೆಲಸಕ್ಕೆ ಕೂರಬೇಕು ಎಂಬುದು ಬೆಂಗಳೂರಿನ ನಿಯಮ. ಕಾಕಾ ಅದನ್ನು ಯಾರ ಮುಂದೆಯೂ ಬಾಯಿಬಿಟ್ಟು ಹೇಳಿರಲಿಲ್ಲ. "ಒಬ್ಬಾಕಿ ಕೈಯಾಗಿನ ಬಳಿ ತಗಸಾಕ ನಾ ಯಾಂವ್ರಿ? ಮುಚ್ಚಿದ್ರ ಆತು" ಎಂದರು. ಬೆಂಗಳೂರಿನವರನ್ನು ಆ ತೋಳುಗಳಿಗೆ ಒಪ್ಪಿಸಲು ಅವರಿಗೆ ಎರಡು ತಿಂಗಳು ಹಿಡಿಯಿತು.

ತೋಳು ಒಯ್ಯಲು ಬಂದ ದಿನ ಒಂದೊಂದನ್ನೂ ತಿರುವಿ ಹಾಕಿ, ಬೆರಳಿನ ಹಿಂಬದಿಯಿಂದ ಸವರಿ ನೋಡಿದರು. ಕಣ್ಣು ಮುಚ್ಚಿಕೊಂಡು ನೋಡುತ್ತಿದ್ದರು. ನನಗೆ ಸಿಟ್ಟು ಬಂತು. ಇಷ್ಟು ಅನುಮಾನವಿದ್ದರೆ ಬೇರೆ ಕಡೆ ಹೊಲಿಸಿಕೊಳ್ಳಬೇಕಿತ್ತು ಎಂದು ಹೇಳಿಯೂಬಿಟ್ಟೆ. ಅವರು ಕಣ್ಣು ತೆರೆದು, "ದಾರಾ ಹೆಂಗ ಮುಗಸೀ ತಂಗಿ, ತೋರ್ಸು" ಎಂದರು. ಗಂಟು ಹಾಕಿ ತೋರಿಸಿದೆ. "ನಾಳಿ ಶೆಡ್ಡಿಗಿ ಬಾ" ಎಂದರು. ನೋಡಿ ಬರೋಣವೆಂದು ಹೋದವಳು ಇನ್ನೂ ಅಲ್ಲೇ ಇದ್ದೇನೆ.

ಕೆಲಸ ಹೇಳುವುದಕ್ಕೆ ಸುಲಭ. ಮಂಚದಷ್ಟು ದೊಡ್ಡ ಪ್ಲೈವುಡ್ ಹಲಗೆಯ ಮೇಲೆ ನಕ್ಷೆಯ ಕಾಗದ ಅಂಟಿಸಿರುತ್ತದೆ. ನಕ್ಷೆಯ ಗೆರೆಯ ಗುಂಟ ಮೊಳೆ ಬಡಿದಿರುತ್ತಾರೆ. ಆ ಮೊಳೆಗಳ ನಡುವೆ ವಾಯರುಗಳನ್ನು ಹಾಸಿ, ಮೇಣ ಹಚ್ಚಿದ ದಾರದಿಂದ ಎರಡೆರಡು ಬೆರಳಿಗೆ ಒಂದರಂತೆ ಗಂಟು ಹಾಕುತ್ತ ಹೋಗಬೇಕು. ಗಂಟು ಜಾರಬಾರದು, ಬಿಗಿಯಾಗಿ ವಾಯರನ್ನು ಕಚ್ಚಲೂಬಾರದು. ನಲವತ್ತು ವಾಯರು ಸೇರಿ ಒಂದು ಕಟ್ಟು ಆದಾಗ ಅದು ಹಲಗೆಯಿಂದ ಎದ್ದು ಬಂದು ವಿಮಾನದ ಮೂಗಿನೊಳಗೆ ಸರಿಯಾಗಿ ಕೂರಬೇಕು. ಮಾಡುವಾಗ ಗೊತ್ತಾಗುತ್ತದೆ, ಬ್ಲೌಸಿನ ಗಿರಾಕಿಗಳು ಎಷ್ಟು ಪಾಪದವರೆಂದು.

ಮೂಗಿನಲ್ಲಿಯೇ ಯಾಕೆ ಎಂದು ಒಮ್ಮೆ ಮಾಡಗ್ಯಾಳದ ನೀಲವ್ವ ಕೇಳಿದಳು. ಅವಳದು ಕುರಿ ಕಾಯುವ ಮನೆತನ, ನನ್ನ ಪಕ್ಕದ ಹಲಗೆಯವಳು. ರಡಾರ್ ಇರುವುದೇ ಅಲ್ಲಿ, ಅದು ವಿಮಾನದ ಕಣ್ಣು ಎಂದರು ಕಾಕಾ. ಆಮೇಲೆ ತಾವೇ ತಿರುಗಿ ಕೇಳಿದರು. "ನೀಲವ್ವಾ, ಸಂಜೀಕ ಗುಡ್ಡದ ಮ್ಯಾಲ ಎಲ್ಲಾ ಒಂದ ಬಣ್ಣಾ ಆದಾಗ ಕುರಿ ಯಾವ್ದು, ಕಲ್ಲು ಯಾವ್ದು ಹೆಂಗ ಗುರ್ತ ಹಿಡೀತೀ?"

"ಅದೇನ್ರಿ ಕಾಕಾ! ನಿಂತದ್ದು ಬಿಟ್ಟು ಬಿಡೂದು, ಸರಿದಾಡೂದು ನೋಡೂದು" ಎಂದಳು ಅವಳು.

ಕಾಕಾ ಕೂತಲ್ಲಿಂದ ಎದ್ದು ನಿಂತರು. ರಡಾರ್ ಮಾಡುವುದೂ ಇಷ್ಟೇ ಅಂತೆ. ನೆಲ, ಗುಡ್ಡ, ಮನೆ ಎಲ್ಲದರಿಂದ ಮರಳಿ ಬರುವ ಅಲೆಗಳೊಳಗೆ ನಿಂತದ್ದನ್ನು ಬಿಟ್ಟು ಸರಿಯುವುದನ್ನು ಹೆಕ್ಕುತ್ತದೆಯಂತೆ. "ಇದನ್ನ ನಮಗ ತಿಳಸಾಕ ಸಾಹೇಬ್ರು ನಾಕ ದಿನ ಬೋರ್ಡಿನ ಮ್ಯಾಲ ಬರದಿದ್ರು ನೋಡವಾ. ನೀ ಅಲ್ಲೆ ಇದ್ದಿದ್ರ ಚಾ ಕುಡಿಯೂದ್ರಾಗ ಮುಗೀತಿತ್ತು" ಎಂದರು. ನೀಲವ್ವ ಒಂದು ವಾರ ನಮ್ಮ ಯಾರ ಕೈಗೂ ಸಿಗಲಿಲ್ಲ, ಅಷ್ಟು ಮೆರೆದಳು.

ಹೊಗಳಿಕೆಯಲ್ಲಿ ಅವರು ಬಲು ಜಿಪುಣರು, ನೀಲವ್ವನಿಗೆ ಸಿಕ್ಕಿದ್ದೇ ದೊಡ್ಡದು. ಚೆನ್ನಾಗಿದ್ದರೆ "ನಡೀತೈತಿ" ಎನ್ನುತ್ತಿದ್ದರು. ಚೆನ್ನಾಗಿಲ್ಲದಿದ್ದರೆ ಮಾತೇ ಇಲ್ಲ, ಕತ್ತರಿಯನ್ನು ನಮ್ಮ ಮುಂದೆ ಮೆಲ್ಲಗೆ ಸರಿಸುತ್ತಿದ್ದರು. ಆ ಕತ್ತರಿ ಸರಿಯುವ ಸದ್ದಿಗೆ ನನ್ನ ಕಿವಿ ನೆಟ್ಟಗಾಗುತ್ತಿತ್ತು.

ಹಳೆಯ ದಿನಗಳ ಮಾತು ತೆಗೆಯುವುದು ಕಡಿಮೆ. ಒಮ್ಮೆ ನಾನೇ ಒತ್ತಾಯ ಮಾಡಿ ಕೇಳಿದೆ. ಮೊದಲ ವರ್ಷಗಳಲ್ಲಿ ರಜೆಗೆ ಊರಿಗೆ ಬಂದಾಗಲೆಲ್ಲ ಬೀಗರು ಬಿಜ್ಜರು ಒಂದೇ ಪ್ರಶ್ನೆ ಕೇಳುತ್ತಿದ್ದರಂತೆ, "ಹಾರ್ತೇನ್ರಿ ನಿಮ್ಮ ವಿಮಾನಾ?" ಕಾಕಾ ಇನ್ನೂ ಇಲ್ಲ ಎನ್ನಬೇಕು, ಬೀಗರು ನಗಬೇಕು. ಊಟಕ್ಕೆ ಕೂತಾಗ ಅದೊಂದು ಉಪ್ಪಿನಕಾಯಿ ಆಗಿಬಿಟ್ಟಿತ್ತು. ಹೀಗಾಗಿ ಎಷ್ಟೋ ಮದುವೆಗಳಿಗೆ ಹೋಗುವುದನ್ನೇ ತಪ್ಪಿಸಿಕೊಂಡರಂತೆ. ಕಡೆಗೊಮ್ಮೆ ವಿಮಾನ ಹಾರಿತು. ಆಗಲೂ ಅದರ ರಡಾರ್ ಪರದೇಶದ್ದು. ಅದೂ ನಮ್ಮದೇ ಆಗಬೇಕೆಂದು ಮತ್ತೆ ಅಷ್ಟೇ ವರ್ಷ ದುಡಿದರು.

"ಮೊದಲನೇ ಸಲ ಹಾರಿದಾಗ ನೋಡೀರೇನ್ರಿ ಕಾಕಾ?" ಎಂದೆ.

"ಇಲ್ಲವಾ. ಅಲ್ಲೇ ನಿಂತಿದ್ದೆ, ಆದ್ರ ನೆಲಾ ನೋಡ್ಕೊಂತ ನಿಂತಿದ್ದೆ. ಅದು ತಿರುಗಿ ಇಳಿಯೂ ತನಕಾ ಮ್ಯಾಲ ನೋಡಾಕ ಧೈರ್ಯ ಆಗಲಿಲ್ಲ. ಒಳಗ ಒಬ್ಬಾಂವ ಕುಂತಿದ್ದ."

ಅವರ ಇಡೀ ವಿದ್ಯೆ ಆ ಕೊನೆಯ ಮಾತಿನಲ್ಲಿತ್ತು ಎಂದು ಈಗ ನನಗೆ ಅನಿಸುತ್ತದೆ. ಅಂದು ಅನಿಸಿರಲಿಲ್ಲ, ಹೆದರುಪುಕ್ಕಲ ಎಂದುಕೊಂಡಿದ್ದೆ.

ನಮ್ಮ ಶೆಡ್ಡಿನ ಕೇಬಲ್ಲುಗಳು ಆಗ ಹಾರುತ್ತಿರಲಿಲ್ಲ. ಬೆಂಗಳೂರಿನಲ್ಲಿ ರಡಾರನ್ನು ಮೇಜಿನ ಮೇಲಿಟ್ಟು ಪರೀಕ್ಷೆ ಮಾಡುವಾಗ ಬಳಸುವುದಕ್ಕಷ್ಟೇ ನಮ್ಮವು. ವಿಮಾನದೊಳಗೆ ಹೋಗುವ ಕೇಬಲ್ಲು ಕಟ್ಟಬೇಕೆಂದರೆ ಬೇರೆ ಮಂಜೂರಾತಿ ಬೇಕು. ಅದಕ್ಕಾಗಿ ಆರು ಕಟ್ಟು ಮಾಡಿ ತೋರಿಸಬೇಕಾಗಿತ್ತು. ಕಾಕಾ ಬೆಂಗಳೂರಿಗೆ ಹೋಗಿ ಹತ್ತು ಜನರೆದುರು ನಿಂತು, ಜತ್ತ ತಾಲೂಕಿನ ಹೆಣ್ಣುಮಕ್ಕಳು ಇದನ್ನು ಮಾಡುತ್ತಾರೆ, ಇದಕ್ಕೆ ನಾನು ಜಾಮೀನು ಎಂದು ಹೇಳಿ ಬಂದಿದ್ದರು. ಕೆಲವರು ನಕ್ಕರಂತೆ. ನಗೆಗೀಡಾಗುವುದು ಅವರಿಗೆ ಅಭ್ಯಾಸವಾಗಿತ್ತು, ನನಗೆ ಆಗಿರಲಿಲ್ಲ. ನನಗೆ ಆ ಮಂಜೂರಾತಿ ಬೇಕೇ ಬೇಕಿತ್ತು. ಮೇಜಿನ ಮೇಲೆ ಮಲಗುವ ಕೇಬಲ್ಲು ಕಟ್ಟಿ ಸಾಕಾಗಿತ್ತು, ಮುಗಿಲಿಗೆ ಹೋಗುವುದು ಬೇಕಿತ್ತು. ಸುಳ್ಳು ಯಾಕೆ ಹೇಳಲಿ?

ಪ್ರತಿ ಕಟ್ಟಿನ ಜೊತೆಗೂ ಒಂದು ಕಾರ್ಡು ಇರುತ್ತದೆ. ಯಾರು ಕಟ್ಟಿದರು, ಯಾರು ತಪಾಸಣೆ ಮಾಡಿದರು, ಕೊನೆಗೆ ಶೆರಾ, ಅಂದರೆ ಟಿಪ್ಪಣಿ, ಬರೆಯಲು ನಾಲ್ಕು ಬೆರಳು ಜಾಗ. "ಕೈಗಿ ಏನ ತಿಳೀತು ಅದನ್ನ ಬರೀರಿ. ಇಂಗ್ಲಿಷ್ ಬರೂದಿಲ್ಲಂತ ಮುಚ್ಚಿಡಬ್ಯಾಡ್ರಿ, ಕನ್ನಡದಾಗ ಬರೀರಿ" ಎನ್ನುತ್ತಿದ್ದರು ಕಾಕಾ. ಆರೂ ಕಟ್ಟುಗಳ ಮೂಗಿನ ಕಡೆಯ ತಿರುವು ನನ್ನ ಪಾಲಿಗೆ ಬಂದಿತ್ತು. ಅಲ್ಲಿ ಗಂಟು ಹಾಕುವಾಗ ದಾರ ಕೂರುತ್ತಲೇ ಇರಲಿಲ್ಲ, ದಪ್ಪನೆಯ ಒಂದು ಕೇಬಲ್ಲು ಬೆರಳನ್ನು ಹೊರಗೆ ದಬ್ಬುತ್ತಿತ್ತು. ಹಟ ಹಿಡಿದು ಕಟ್ಟಿದೆ. ಐದು ಕಾರ್ಡಿನಲ್ಲಿ ಒಂದೇ ಶೆರಾ ಬರೆದೆ, 'ಮೂಗಿನ ತಿರುವಿನಲ್ಲಿ ಅವಘಡ'. ಆರನೆಯದಕ್ಕೆ ಬರೆದು ಬರೆದು ಬೇಸರವಾಗಿ ಬಿಟ್ಟುಬಿಟ್ಟೆ.

ನಮ್ಮ ಕಡೆ ಮರಾಠಿಯ ಗಾಳಿ ಹೆಚ್ಚು. ನಮಗೆ ಅವಘಡ ಅಂದರೆ ಕಠಿಣ. ಗಣಿತದ ಪೇಪರ್ ಅವಘಡ ಇತ್ತು ಎನ್ನುತ್ತೇವೆ, ಆ ರಸ್ತೆ ಭಾಳ ಅವಘಡ ಐತಿ ಎನ್ನುತ್ತೇವೆ. ಬೆಂಗಳೂರಿನ ಕನ್ನಡದಲ್ಲಿ ಅವಘಡ ಅಂದರೆ ಅಪಘಾತ, ಆಂಬುಲೆನ್ಸು, ಪೇಪರಿನ ಮೊದಲ ಪುಟ. ಕಾರ್ಡುಗಳ ಫೋಟೋ ಬೆಂಗಳೂರಿಗೆ ಹೋದ ಮರುದಿನ ಬೆಳಿಗ್ಗೆಯೇ ಫೋನ್ ಬಂತು. ಕೆಲಸ ನಿಲ್ಲಿಸಿ, ಏನನ್ನೂ ಮುಟ್ಟಬೇಡಿ ಎಂದಷ್ಟೇ ಹೇಳಿ ಇಟ್ಟರು. ಅದರ ಮರುದಿನ ತಪಾಸಣೆಯ ಸಾಹೇಬರು ಸ್ವತಃ ಬಂದು ಇಳಿದರು. ಮಂಡ್ಯದ ಕಡೆಯವರು, ವಿಜಯಪುರದಿಂದ ಜೀಪಿನಲ್ಲಿ ಬಂದು ಧೂಳು ಕುಡಿದಿದ್ದರು.

"ಐದು ಕಡೆ ಅವಘಡ ಆಗಿದೆ ಅಂತ ಬರೆದಿದೀರ. ಯಾರಿಗೆ ಏಟಾಯ್ತು? ಏನು ಸುಟ್ಟೋಯ್ತು? ಒಂದು ಫೋನ್ ಮಾಡೋಕಾಗ್ಲಿಲ್ವಾ ನಿಮಗೆ?" ಎಂದರು.

"ಯಾರಿಗೂ ಏನೂ ಆಗಿಲ್ರಿ ಸಾಹೇಬ್ರ" ಎಂದೆ.

"ಮತ್ತೆ ಅವಘಡ ಅಂತ ಬರೆದೋರು ಯಾರು?"

"ನಾನ ರಿ. ಅವಘಡ ಇತ್ತು, ಅದಕ್ಕ ಬರದೆ."

ಈ ಕನ್ನಡ ಕನ್ನಡದ ಜಗಳ ಸ್ವಲ್ಪ ಹೊತ್ತು ನಡೆಯಿತು. ಕಾಕಾ ನಡುವೆ ಬಂದು ಅರ್ಥ ಬಿಡಿಸಿ ಹೇಳಿದರು. ಸಾಹೇಬರು ಕುರ್ಚಿಯಲ್ಲಿ ಕುಸಿದು ಕೂತು, ನಕ್ಕು, ನೀರು ಕುಡಿದರು. "ಕಷ್ಟ ಆಯ್ತು ಅಂತಾನಾ? ಎರಡು ದಿನದಿಂದ ನಿದ್ದೆ ಇಲ್ಲ ಕಣ್ರೀ ನನಗೆ!" ಎಂದು, ಮೀಟರ್ ತರಿಸಿ ಆರೂ ಕಟ್ಟುಗಳಿಗೆ ಹಚ್ಚಿ ನೋಡಿದರು. ಆರೂ ಪಾಸಾದವು. ಪೆನ್ನು ತೆಗೆದರು. ಇನ್ನೇನು ಸಹಿ ಬೀಳಬೇಕು, ಕಾಕಾ ಆ ಕಾಗದದ ಮೇಲೆ ಅಂಗೈ ಇಟ್ಟುಬಿಟ್ಟರು.

"ತಡೀರಿ ಸಾಹೇಬ್ರ. ಕಠಿಣ ಯಾಕ ಆತು ಅಂತ ನಾವು ಕೇಳೇ ಇಲ್ಲ."

ಬಾಯಿಗೆ ಬಂದ ತುತ್ತನ್ನು ಈ ಮನುಷ್ಯ ತಾನೇ ತಟ್ಟಿ ಕೆಡವುತ್ತಾರಲ್ಲ ಎಂದು ನಾನು ಎದ್ದು ನಿಂತೆ. ನೀಲವ್ವ ನನ್ನ ಸೆರಗು ಜಗ್ಗಿ, ಸುಮ್ಮನಿರು ಎಂದು ಸನ್ನೆ ಮಾಡಿದಳು. ಆದರೆ ನಾನು ಸುಮ್ಮನಿರುವ ಜಾತಿ ಅಲ್ಲ. "ಕಾಕಾ, ಕಟ್ಟೂದ ಕಟ್ಟೇನಿ ಅಲ್ರಿ. ಗಂಟು ಬರೋಬರಿ ಅದಾವ. ಸಹಿ ಆಗ್ಲಿ ಬಿಡ್ರಿ" ಎಂದೆ.

"ನಿನ್ನ ಕೈ ಐದು ಸಲ ಒಂದ ಜಾಗಾದಾಗ ತಿಣಕೈತಿ. ನಿನ್ನ ಕೈ ನನಗ ಗೊತ್ತೈತಿ. ಅದು ಸುಳ್ಳ ಹೇಳೂದಿಲ್ಲ" ಎಂದರು.

ಆಮೇಲೆ ಕಾಕಾ ಒಂದು ಕಟ್ಟನ್ನು ಎತ್ತಿಕೊಂಡು, ತಿರುವಿನ ಹತ್ತಿರ ನನ್ನ ಗಂಟುಗಳನ್ನು ಕತ್ತರಿಸಿ, ಆ ದಪ್ಪ ಕೇಬಲ್ಲಿನ ಹೊರಚರ್ಮವನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿದರು. ಒಳಗೆ ಏನೂ ಇಲ್ಲದಿದ್ದರೆ ಒಂದು ಕಟ್ಟು ಸುಮ್ಮನೆ ಹಾಳು, ಆರಕ್ಕೆ ಐದೇ ಉಳಿದರೆ ಮಂಜೂರಾತಿ ಇಲ್ಲ. ಸಾಹೇಬರೇ ಬೇಡ ಬೇಡ ಎನ್ನುತ್ತಿದ್ದರು. ಒಳಗೆ ಸಣ್ಣ ತಂತಿಗಳ ಹೆಣಿಗೆ ತಿರುವಿನಲ್ಲಿ ಬಾಯಿ ಬಿಟ್ಟಿತ್ತು. ಅದರ ಕೆಳಗಿನ ಬಿಳಿ ಪದರ ಒತ್ತಿ ಚಪ್ಪಟೆಯಾಗಿತ್ತು. ಅಂಥ ಕೇಬಲ್ಲು ಇವತ್ತು ಮೀಟರಿಗೆ ಸರಿಯಾಗಿಯೇ ಉತ್ತರ ಕೊಡುತ್ತದೆ. ಹಾರಾಟದಲ್ಲಿ ಅಲುಗಿ ಅಲುಗಿ, ಒಂದು ದಿನ ರಡಾರಿನ ಕಣ್ಣು ಮಂಜಾಗುತ್ತದೆ.

ಸಾಹೇಬರು ಪೆನ್ನಿನ ಮುಚ್ಚಳ ಹಾಕಿದರು. ಕಾಕಾ ಹಲಗೆಯ ಹತ್ತಿರ ಹೋಗಿ ಅಳತೆಪಟ್ಟಿ ಹಿಡಿದರು. ನಕ್ಷೆ ಎರಡು ಹಾಳೆಯಲ್ಲಿ ಬಂದಿತ್ತು. ಒಂದರ ಅಂಚನ್ನು ಇನ್ನೊಂದರ ಮೇಲೆ ಅಂಟಿಸುವಾಗ ಅರ್ಧ ಬೆರಳು ಹೆಚ್ಚು ಒಳಗೆ ಸರಿದಿತ್ತು. ತಿರುವಿನ ಮೊಳೆ ಅಷ್ಟೇ ಈಚೆಗೆ ಬಿದ್ದಿತ್ತು. ಕೇಬಲ್ಲು ತಾನು ಬಾಗಬಹುದಾದದ್ದಕ್ಕಿಂತ ಹೆಚ್ಚು ಬಾಗಿತ್ತು. ಕಾಕಾ ಎರಡು ಸಲ ಅಳೆದರು. ಆಮೇಲೆ ನಮ್ಮೆಲ್ಲರ ಕಡೆ ತಿರುಗಿ ನಿಂತರು.

"ಹಾಳಿ ಅಂಟಿಸಿದಾಂವ ನಾನು. ಈ ಮೊಳಿ ಬಡದಾಂವೂ ನಾನ. ಹೆಣ್ಮಕ್ಕಳದೇನೂ ತಪ್ಪಿಲ್ರಿ. ಬರಕೊಳ್ರಿ ಸಾಹೇಬ್ರ."

ಮೂವತ್ತೈದು ವರ್ಷ ಅದೇ ಕೆಲಸ ಮಾಡಿದ ಮನುಷ್ಯ, ಮೊನ್ನೆ ಮೊನ್ನೆ ಕಲಿತ ನಮ್ಮೆದುರು ನಿಂತು ಆಡಿದ ಮಾತು ಅದು. ಅವರ ಕಿವಿ ಕೆಂಪಾಗಿದ್ದವು. ನನಗೆ ಅಳು ಬಂತು. ಮಂಜೂರಾತಿ ಹೋಯಿತೆಂದೋ, ಅವರ ಕಿವಿ ನೋಡಿಯೋ, ಗೊತ್ತಿಲ್ಲ.

ಹೊರಡುವಾಗ ಸಾಹೇಬರು, "ನೀವು ಕೈ ಅಡ್ಡ ಇಡದೇ ಇದ್ದಿದ್ರೆ ನನಗೆ ಗೊತ್ತೇ ಆಗ್ತಿರಲಿಲ್ಲ" ಎಂದರು.

"ನಿಮಗ ಆಗ್ತಿರಲಿಲ್ರಿ. ಮ್ಯಾಲ ಕುಂತಾಂವಗ ಆಗ್ತಿತ್ತು" ಎಂದರು ಕಾಕಾ.

ಆರೂ ಕಟ್ಟು ರದ್ದಾದವು. ಆದರೆ ಸಾಹೇಬರು ನಮ್ಮನ್ನು ರದ್ದು ಮಾಡಲಿಲ್ಲ. ಇನ್ನೊಮ್ಮೆ ಮಾಡಿ ತೋರಿಸಲು ಅವಕಾಶ ಕೊಡಿಸಿದರು. ಕಾಕಾ ಹಲಗೆಯ ಎಲ್ಲ ಮೊಳೆ ಕಿತ್ತರು. ಹೊಸ ನಕ್ಷೆಯನ್ನು ನಾನೂ ನೀಲವ್ವನೂ ಬೇರೆ ಬೇರೆಯಾಗಿ ಅಳೆದೆವು, ಇಬ್ಬರ ಅಳತೆ ಕೂಡಿದ ಮೇಲೆಯೇ ಅವರು ಸುತ್ತಿಗೆ ಎತ್ತಿದ್ದು. ಈ ಸಲ ತಿರುವಿನಲ್ಲಿ ದಾರ ತಾನಾಗಿಯೇ ಹೋಗಿ ಕೂತಿತು. ಶೆರಾ ಬರೆಯುವುದಕ್ಕೆ ಏನೂ ಉಳಿಯಲಿಲ್ಲ. ಎರಡು ತಿಂಗಳಿಗೆ ಮಂಜೂರಾತಿ ಬಂತು. ನಾವು ಪೇಢೆ ಹಂಚಿದೆವು. ಕಾಕಾ ಅರ್ಧ ತಿಂದು, ಕೈ ಜಿಗುಟು ಆಯಿತೆಂದು ಮೂರು ಸಲ ತೊಳೆದುಕೊಂಡರು.

ಅದೇ ದಿನ ಅವರು ಬೆಂಗಳೂರಿಗೆ ಒಂದು ಅರ್ಜಿ ಬರೆದರು. ಶೆಡ್ಡಿನಲ್ಲಿ ತಪಾಸಣೆಯ ಶಿಕ್ಕಾ ಅವರ ಹೆಸರಿನಲ್ಲಿತ್ತು. ನಂಬರ್ ಇರುವ ಗುಂಡನೆಯ ಸಣ್ಣ ಮುದ್ರೆ. ಅದು ಬೀಳದೆ ಯಾವ ಕಟ್ಟೂ ಹೊರಗೆ ಹೋಗುವಂತಿಲ್ಲ. ಇನ್ನು ಮುಂದೆ ಅದು ನನ್ನ ಹೆಸರಿಗೆ ಆಗಬೇಕೆಂದು ಬರೆದಿದ್ದರು. ನಾನು ಒಲ್ಲೆ ಎಂದೆ. "ನನ್ನ ತಪ್ಪ ಹಿಡದಾಕಿ ನೀನು. ಹಿಡದಾಕಿ ಕೈಯಾಗ ಇರಬೇಕು ಅದು" ಎಂದರು. ತಿಳಿದು ಹಿಡಿದದ್ದಲ್ಲ, ದಾರ ಕೂರದ ಸಿಟ್ಟಿಗೆ ಬರೆದದ್ದು ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಬೆಂಗಳೂರಿನಲ್ಲಿ ತರಬೇತಿ, ಪರೀಕ್ಷೆ ಎಲ್ಲ ಆಯಿತು. ಶಿಕ್ಕಾ ಹಿಡಿದುಕೊಂಡು ಬಂದೆ.

ಬಂದು ನೋಡಿದರೆ ಕಾಕಾ ನನ್ನ ಹಳೆಯ ಜಾಗದಲ್ಲಿ ಕೂತು ಗಂಟು ಹಾಕುತ್ತಿದ್ದಾರೆ! ಅವರ ಕಟ್ಟನ್ನೂ ನಾನೇ ತಪಾಸಣೆ ಮಾಡಬೇಕು. ಮೊದಲ ಸಲ ಅವರ ಒಂದು ಗಂಟು ನನಗೆ ಸರಿ ಕಾಣಲಿಲ್ಲ. ಅರ್ಧ ತಾಸು ಅದನ್ನೇ ನೋಡುತ್ತ ನಿಂತೆ. ಕಡೆಗೆ ಬೇರೆ ದಾರಿಯಿಲ್ಲದೆ ಕತ್ತರಿಯನ್ನು ಅವರ ಮುಂದೆ ಸರಿಸಿದೆ. ಅವರು ಕತ್ತರಿ ನೋಡಿದರು, ನನ್ನನ್ನು ನೋಡಿದರು. ಗಂಟು ಕತ್ತರಿಸಿ ಮತ್ತೆ ಕಟ್ಟಿದರು. ಆ ದಿನವೆಲ್ಲ ಹಾಡು ಗುನುಗುತ್ತಿದ್ದರು ಎಂದು ನೀಲವ್ವ ಹೇಳುತ್ತಾಳೆ, ನನಗೆ ಕೇಳಿಸಿದ ನೆನಪಿಲ್ಲ.

ನಾವು ಕಟ್ಟಿದ ಕೇಬಲ್ಲಿನ ಮೊದಲ ವಿಮಾನ ಹಾರಿ ಇಳಿದಾಗ ಮಂಡ್ಯದ ಸಾಹೇಬರು ಫೋನ್ ಮಾಡಿ ಹೇಳಿದರು. ರಡಾರ್ ಚೆನ್ನಾಗಿ ನೋಡಿತಂತೆ. ಹನ್ನೆರಡು ಹೆಂಗಸರು ಕೂಗಿದ ಕೂಗಿಗೆ ಪಕ್ಕದ ಹೊಲದವರು ಹಾವು ಬಂತೆಂದು ಬಡಿಗೆ ಹಿಡಿದು ಓಡಿ ಬಂದರು. ಈಗ ಶೆಡ್ಡಿನಲ್ಲಿ ಮೂವತ್ತು ಜನ ಇದ್ದೇವೆ. ವಳಸಂಗದಿಂದಲೇ ಏಳು ಹುಡುಗಿಯರು ಬರುತ್ತಾರೆ. ಇನ್ನೊಂದು ಹಲಗೆಗೆ ಜಾಗ ಸಾಲದೆ ಗೋಡೆ ಒಡೆಸಿದ್ದೇವೆ.

ಕಡೆಯ ಆರು ತಿಂಗಳು ಕಾಕಾನ ಬೆರಳಲ್ಲಿ ಶಕ್ತಿ ಕಡಿಮೆಯಾಗಿತ್ತು. "ನಂದ ಎರಡ ಸಲ ನೋಡ ತಂಗಿ" ಎಂದು ಅವರೇ ಹೇಳುತ್ತಿದ್ದರು. ಒಂದು ಮಂಗಳವಾರ ಮಧ್ಯಾಹ್ನ ಊಟಕ್ಕೆಂದು ಕರಜಗಿಗೆ ಹೋದವರು ಮಲಗಿದಲ್ಲೇ ಹೋಗಿಬಿಟ್ಟರು. ಹೊಲದಲ್ಲಿ ಮಣ್ಣು ಕೊಟ್ಟು ಬಂದ ಮೂರನೆಯ ದಿನ ಶೆಡ್ಡಿನ ಬಾಗಿಲು ತೆಗೆದೆವು. ಅವರ ಹಲಗೆಯ ಮೇಲೆ ಅರ್ಧ ಆದ ಕಟ್ಟು ಹಾಗೇ ಇತ್ತು.

ನಾನು ಬೆರಳಿನ ಹಿಂಬದಿಯಿಂದ ಸವರಿ ನೋಡುತ್ತ ಹೋದೆ. ಹನ್ನೊಂದು ಗಂಟು ಹಾಕಿದ್ದರು. ಕೊನೆಯ ಎರಡು ಸಡಿಲ ಇದ್ದವು. ಮತ್ತೊಮ್ಮೆ ನೋಡಿದೆ. ಸಡಿಲವೇ.

"ಇರ್ಲಿ ಬಿಡವಾ" ಎಂದಳು ನೀಲವ್ವ, ಕಣ್ಣೀರು ಒರೆಸಿಕೊಳ್ಳುತ್ತ. "ಅವರ ಕೈಯಾಗಿನ ಕಡೀ ಗಂಟು. ಇದನ್ನ ಕಳಸೂದ ಬ್ಯಾಡ. ನೆಪ್ಪಿಗಿ ಇಟ್ಕೊಳ್ಳೂಣ."

ಎಲ್ಲರೂ ಹೌದು ಹೌದು ಎಂದರು. ನನಗೂ ಹಾಗೇ ಅನಿಸಿತು. ಎಷ್ಟೋ ಹೊತ್ತು ಆ ಎರಡು ಗಂಟಿನ ಮೇಲೆ ಕೈಯಿಟ್ಟುಕೊಂಡು ಕೂತಿದ್ದೆ. ಆಮೇಲೆ ಕತ್ತರಿ ತೆಗೆದುಕೊಂಡು ಎರಡನ್ನೂ ಕತ್ತರಿಸಿದೆ. ಅಳುತ್ತಲೇ ಮತ್ತೆ ಕಟ್ಟಿದೆ. ಅಲ್ಲಿಂದ ಮುಂದಿನದನ್ನೂ ನಾನೇ ಕಟ್ಟಿ ಮುಗಿಸಿ, ನಾನು ಕಟ್ಟಿದ್ದನ್ನು ನಾನೇ ತಪಾಸಣೆ ಮಾಡುವಂತಿಲ್ಲವಾದ್ದರಿಂದ ಬೆಂಗಳೂರಿನಿಂದ ಮಂಡ್ಯದ ಸಾಹೇಬರು ಬರುವವರೆಗೆ ಕಾದೆ. ಕಾರ್ಡಿನಲ್ಲಿ ಕಟ್ಟಿದವರು ಎಂಬಲ್ಲಿ ಮೊದಲು ಕಾಕಾನ ಹೆಸರು, ಕೆಳಗೆ ನನ್ನದು ಬರೆದೆ. ಶೆರಾದಲ್ಲಿ ಬರೆದೆ: 'ಮೊದಲಿನವರ ಎರಡು ಗಂಟು ಸಡಿಲ ಇದ್ದವು. ಕತ್ತರಿಸಿ ಕಟ್ಟಿದೆ. ಹಾರಲು ಅಡ್ಡಿಯಿಲ್ಲ.'